ತಡವಾದ ಪಾರ್ಸೆಲು, ವರ್ತಕನ ಮಾತು

ವರ್ತಕನಿಗೆ ಬಂಡವಾಳವು ಎರಡು ಬಗೆಯದು. ಒಂದು ಗಲ್ಲಾಪೆಟ್ಟಿಗೆಯಲ್ಲಿರುವ ಹಣ, ಇನ್ನೊಂದು ಊರವರ ಬಾಯಲ್ಲಿರುವ ಹೆಸರು. ಹಣ ಹೋದರೆ ಸಾಲ ತರಬಹುದು; ಹೆಸರು ಹೋದರೆ ಸಾಲವೂ ಹುಟ್ಟದು. ಅಂತರ್ಜಾಲದಲ್ಲಿ ಅಂಗಡಿ ತೆರೆದವನ ಹೆಸರು ಈಗ ಐದು ನಕ್ಷತ್ರಗಳಲ್ಲಿ ಅಡಗಿದೆ. ಗಿರಾಕಿಯು ಅವನ ಮುಖ ಕಂಡವನಲ್ಲ. ಆ ನಕ್ಷತ್ರಗಳನ್ನೂ ಅವುಗಳ ಕೆಳಗೆ ಹಿಂದಿನವರು ಬರೆದ ನಾಲ್ಕು ಸಾಲುಗಳನ್ನೂ ನೋಡಿಯೇ ಹಣ ತೆರುತ್ತಾನೆ. ಪದಾರ್ಥವು ಚೆನ್ನಾಗಿದ್ದು, ಪಾರ್ಸೆಲು ಮಾತ್ರ ತಡವಾದಾಗ ಬರುವ ಕಟುಮಾತಿಗೆ ಮಾರುವವನು ಹೇಗೆ ಉತ್ತರಿಸಬೇಕು? ತಡವನ್ನು ಗಿರಾಕಿಯು ಕ್ಷಮಿಸಿಯಾನು, ಆದರೆ ಮೌನವನ್ನೂ ಜಗಳವನ್ನೂ ಕ್ಷಮಿಸಲಾರನು ಎಂಬುದು ನನ್ನ ಮತ.

ನಮ್ಮದು ಇಳಕಲ್ಲಿನ ನೇಕಾರರ ಮನೆತನ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ, ಅಂತರ್ಜಾಲದಲ್ಲಿ ಸೀರೆ ಮಾರುವ ನಮ್ಮ ಕಾಕಾನ ಬರವಣಿಗೆಯ ಕೆಲಸವೆಲ್ಲ ನನ್ನ ಪಾಲಿಗೆ ಬಂದಿದೆ. ಕಳೆದ ವರ್ಷ ದೀಪಾವಳಿಗೆಂದು ಒಬ್ಬರು ತರಿಸಿದ ಸೀರೆಯು ಹಬ್ಬ ಮುಗಿದ ನಾಲ್ಕನೆಯ ದಿನ ಮುಟ್ಟಿತು. ಕೊಂಡ ತಾಯಿಯು ಒಂದೇ ನಕ್ಷತ್ರ ಕೊಟ್ಟು, ‘ಸೀರೆ ಚೆನ್ನಾಗಿದೆ, ಹಬ್ಬಕ್ಕೆ ಬರಲಿಲ್ಲ’ ಎಂದು ಬರೆದರು. ಕಾಕಾ ಸಿಟ್ಟಾದರು: “ಸೀರೀದೇನ್ ತಪ್ಪೈತೋ? ನಾವ್ ಹೇಳಿದ ದಿನಾನ ಕಳಿಸೀವಿ. ಲಾರಿ ತಡ ಆದ್ರ ಮಗ್ಗಕ್ಕ ಯಾಕ ಬೈಬೇಕು?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತೆಂಬ ಅವರ ನೋವು ಸುಳ್ಳಲ್ಲ. ಕೈಮಗ್ಗದ ಒಂದು ಸೀರೆಯ ಹಿಂದೆ ಹಲವು ದಿನಗಳ ದುಡಿಮೆಯಿರುತ್ತದೆ. ನಾಲ್ಕಾರು ಸೀರೆ ಮಾರುವ ಸಣ್ಣ ಅಂಗಡಿಯಲ್ಲಿ ಒಂದೇ ಒಂದು ಕೆಟ್ಟ ನಕ್ಷತ್ರವು ಸರಾಸರಿಯನ್ನು ಕೆಳಗೆಳೆಯಬಲ್ಲದು.

ಆದರೆ ಕೊಂಡವರ ಕಡೆಗೂ ನ್ಯಾಯವುಂಟು. ಅವರು ಹಣ ಕೊಟ್ಟುದು ನಮಗೆ. ಲಾರಿಯವನ ಗುರುತು ಅವರಿಗಿಲ್ಲ. ಹಬ್ಬದ ಸೀರೆಗೆ ಹಬ್ಬದ ದಿನವೂ ಬೆಲೆಯ ಒಂದು ಭಾಗವೇ. ಭಾರತ ಸರ್ಕಾರವು 2020ರ ಜುಲೈಯಲ್ಲಿ ಹೊರಡಿಸಿದ ಇ-ವಾಣಿಜ್ಯ ನಿಯಮಗಳು ಇದನ್ನೇ ಹೇಳುತ್ತವೆ. ಹೇಳಿದ ಅವಧಿ ಮೀರಿ ಬಂದ ಪದಾರ್ಥವನ್ನು ಹಿಂದಕ್ಕೆ ಪಡೆಯಲು ಮಾರುವವನು ನಿರಾಕರಿಸುವಂತಿಲ್ಲ. ದೂರು ಮುಟ್ಟಿತೆಂದು 48 ಗಂಟೆಗಳೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ಮನುಷ್ಯಶಕ್ತಿಗೆ ಮೀರಿದ ಕಾರಣದಿಂದ ತಡವಾದರೆ ಮಾತ್ರ ಹಿಂದಕ್ಕೆ ಪಡೆಯುವ ವಿಷಯದಲ್ಲಿ ವಿನಾಯಿತಿಯುಂಟು. 2024ರ ಜುಲೈಯಲ್ಲಿ ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೇ ಮುಚ್ಚಿತು. ಅಂಥ ಸಮಯದಲ್ಲಿ ಯಾವ ವರ್ತಕನನ್ನು ದೂರಲಾದೀತು? ಆದರೆ ಪ್ರತಿ ವರ್ಷವೂ ಬರುವ ದೀಪಾವಳಿಯ ನೂಕುನುಗ್ಗಲು ಗುಡ್ಡ ಕುಸಿತವಲ್ಲ. ಅದನ್ನು ಮೊದಲೇ ಎಣಿಸಿ ದಿನ ಹೇಳುವುದು ವರ್ತಕನ ಧರ್ಮ.

ಕೆಟ್ಟ ಅಭಿಪ್ರಾಯ ಬಂದಾಗ ಕೆಲವರು ಗಿರಾಕಿಗೆ ಮೇಲಿಂದ ಮೇಲೆ ಫೋನು ಮಾಡಿ, ಅಳಿಸಿರೆಂದು ಕಾಡುತ್ತಾರೆ. ಕೆಲವರು ತಾವೇ ಗಿರಾಕಿಗಳ ವೇಷ ಹಾಕಿ ಐದು ನಕ್ಷತ್ರ ಒತ್ತುತ್ತಾರೆ. ಮೇಲಿನ ನಿಯಮಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಇನ್ನು ಕೆಲವರು ಸೇಡು ತೀರಿಸಲು ಹೊರಡುತ್ತಾರೆ. ಅಮೆರಿಕದ ಈಬೇ ಎಂಬ ಮಾರುಕಟ್ಟೆಯಲ್ಲಿ ಹಿಂದೆ ಮಾರುವವನೂ ಕೊಂಡವನ ಮೇಲೆ ಕೆಟ್ಟ ಅಭಿಪ್ರಾಯ ಬರೆಯಬಹುದಾಗಿತ್ತು. ಫಲವೇನಾಯಿತು? ಸೇಡಿಗೆ ಹೆದರಿ ಕೊಂಡವರು ನಿಜ ಹೇಳಲು ಹಿಂಜರಿದರು. 2008ರಲ್ಲಿ ಆ ಸಂಸ್ಥೆಯು ಮಾರುವವರ ಈ ಹಕ್ಕನ್ನು ತೆಗೆದುಹಾಕಿತು. ಅದು ಸರಿಯಾದ ಕ್ರಮವೆಂದೇ ನಾನು ತಿಳಿಯುತ್ತೇನೆ. ಗಿರಾಕಿ ಹೆದರಿ ಮೆಚ್ಚುವ ಅಂಗಡಿಯ ಮೆಚ್ಚುಗೆಗೆ ಕಾಸಿನ ಬೆಲೆಯಿಲ್ಲ.

ಉತ್ತರಿಸುವ ಹಕ್ಕು ಮಾತ್ರ ಮಾರುವವನಿಗೆ ಇರಲೇಬೇಕು. ಕಾಕಾನ ಪರವಾಗಿ ನಾನು ಮೂರೇ ಸಾಲು ಬರೆದೆನು: ಹಬ್ಬಕ್ಕೆ ಒದಗದೆ ಹೋದುದಕ್ಕೆ ವಿಷಾದವಿದೆ, ಸೀರೆಯನ್ನು ಇಂಥ ದಿನ ಕಳುಹಿಸಿದ್ದೆವು, ಇಂಥ ದಿನ ಮುಟ್ಟಿದೆ, ಬೇಡವೆನಿಸಿದರೆ ಹಿಂದಿರುಗಿಸಿ, ಹಣವನ್ನು ಪೂರ್ತಿಯಾಗಿ ಮರಳಿಸುತ್ತೇವೆ. ಆ ತಾಯಿ ಸೀರೆಯನ್ನು ಇಟ್ಟುಕೊಂಡರು. ನಕ್ಷತ್ರ ಮಾತ್ರ ಒಂದೇ ಉಳಿಯಿತು, ಇಂದಿಗೂ ಹಾಗೆಯೇ ಇದೆ. “ಬರದು ಏನ್ ಬಂತು?” ಎಂದು ಕಾಕಾ ಕೇಳಿದರು. ಆ ಉತ್ತರವನ್ನು ಓದುವವರು ಆ ತಾಯಿಯೊಬ್ಬರೇ ಅಲ್ಲ. ನಾಳೆ ಸೀರೆ ಕೊಳ್ಳಲು ಬರುವ ಅಪರಿಚಿತನು ನಕ್ಷತ್ರವನ್ನೂ ನೋಡುತ್ತಾನೆ, ಕಷ್ಟ ಬಂದಾಗ ಈ ಅಂಗಡಿಯವರು ಹೇಗೆ ಮಾತನಾಡುತ್ತಾರೆಂಬುದನ್ನೂ ನೋಡುತ್ತಾನೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೊನೆಯದಾಗಿ ಕೊಳ್ಳುವವರಲ್ಲಿ, ಎಂದರೆ ನಮ್ಮ ಸಹಪಾಠಿಗಳಲ್ಲಿಯೂ ಅಧ್ಯಾಪಕರಲ್ಲಿಯೂ, ಒಂದು ಬಿನ್ನಹ. ಪದಾರ್ಥಕ್ಕೆ ಒಂದು ಅಂಕ, ಸಾಗಣೆಗೆ ಇನ್ನೊಂದು ಅಂಕ ಎಂದು ಬೇರ್ಪಡಿಸುವ ಏರ್ಪಾಡನ್ನು ಈಬೇ 2007ರಲ್ಲಿಯೇ ತಂದಿತು. ನೀವು ಕೊಳ್ಳುವ ತಾಣದಲ್ಲಿ ಅಂಥ ಏರ್ಪಾಡು ಇಲ್ಲದಿದ್ದರೆ ನಿಮ್ಮ ಮಾತಿನಲ್ಲಿಯಾದರೂ ಆ ವಿವೇಚನೆಯಿರಲಿ. ತಡವಾದರೆ ತಡವಾಯಿತೆಂದು ಧಾರಾಳವಾಗಿ ಬರೆಯಿರಿ. ನೇಯ್ಗೆ ಚೆನ್ನಾಗಿದ್ದರೆ ಅದನ್ನೂ ಬರೆಯಿರಿ. ನಕ್ಷತ್ರ ಒತ್ತುವ ಬೆರಳಿಗೆ ಒಂದು ಕ್ಷಣದ ಕೆಲಸ. ಅದರ ಆಚೆಯಲ್ಲಿ ಒಂದು ಮನೆಯ ಒಲೆ ಉರಿಯಬೇಕಾಗಿದೆ.