ಇಳಿದಿರೋದು ಪಾಯ, ಹೊಡೀತಿರೋದು ಸುಣ್ಣ



ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆ ಎರೆಭೂಮಿ ಮೇಲೆ ನಿಂತಿರೋ ನಮ್ಮ ಕೇರಿಯ ಹಳೇ ಜನತಾ ಮನೆಗಳನ್ನ ನೋಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಮುಚ್ಚಲು ಬಾರದ ಬಾಗಿಲು, ಗೋಡೆಯಿಂದ ಬಿಟ್ಟುಕೊಂಡ ನೆಲ. ತೋರಿಸಿದ್ರೆ ಸಿಗೋ ಉತ್ತರ: "ನೀವು ಮನೆ ಸರಿಯಾಗಿ ಇಟ್ಕೊಳ್ಳಲ್ಲ."

ಸ್ವಾಮಿ, ಮನೆ ಕೆಳಗಿನ ಮಣ್ಣನ್ನ ನಾವು ಆರಿಸಿಕೊಂಡ್ವಾ? ಊರಿನ ಗಟ್ಟಿ ನೆಲ ಯಾರಿಗೆ ಹೋಯ್ತು, ನೀರು ನಿಲ್ಲೋ ತಗ್ಗು ಯಾರಿಗೆ ಬಂತು? ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತೆ. ಅದರ ಮೇಲೆ ಎರಡಡಿ ಪಾಯ ತೋಡಿ ಕಟ್ಟಿದ ಮನೆ ಪ್ರತಿ ವರ್ಷ ಏರುತ್ತೆ, ಇಳಿಯುತ್ತೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ದಾರಿ ತೋರಿಸಿದೆ: ಸುಮಾರು 3.5 ಮೀಟರ್ ಆಳಕ್ಕೆ ಇಳಿದು, ಬುಡದ ಹತ್ತಿರ ಅಗಲವಾಗೋ ಕಾಂಕ್ರೀಟ್ ಕಂಬ. ಎಂಜಿನಿಯರುಗಳಿಗೆ ಇದು ಗೊತ್ತು. ನಮ್ಮ ಮನೆಯ ಎಸ್ಟಿಮೇಟಿನಲ್ಲಿ ಮಾತ್ರ ಇದಕ್ಕೆ ಜಾಗ ಇಲ್ಲ.

ರಿಪೇರಿ ಅಂದ್ರೆ ಬಿರುಕಿಗೆ ಸಿಮೆಂಟ್ ಮೆತ್ತಿ, ಸುಣ್ಣ ಹೊಡೆದು, ಬಿಲ್ ಮಾಡೋದು. ನಾನೂ ಗುಮಾಸ್ತ. "ದುರಸ್ತಿ ಪೂರ್ಣಗೊಂಡಿದೆ" ಅನ್ನೋ ವಾಕ್ಯ ಎಷ್ಟು ಸಲೀಸಾಗಿ ಟೈಪ್ ಆಗುತ್ತೆ ಅಂತ ನನಗೆ ಗೊತ್ತು. ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಅದೇ ಬಿರುಕು.

ಅದಕ್ಕೇ ನಾವೇ ಸಾಕ್ಷಿ ಕೂಡಿಸಬೇಕು. ಗಿಲಾವಿನ ಮೇಲಿನ ಕೂದಲೆಳೆ ಗೀರುಗಳಿಗೆ ಹೆದರಬೇಡಿ. ಗೋಡೆಯ ಎರಡೂ ಕಡೆ ಕಾಣೋ, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲಿನಂತೆ ಹತ್ತೋ ಬಿರುಕು ಪಾಯದ್ದಿರಬಹುದು. ಮೂಲೆ ಇಳಿದಿದ್ರೆ ಅದು ಸಾಮಾನ್ಯವಾಗಿ ಮೇಲೆ ಅಗಲ, ಕೆಳಗೆ ಸಣ್ಣ ಇರುತ್ತೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿ ಸಿಮೆಂಟಿನಲ್ಲಿ ಕೂರಿಸಿ, ತಾರೀಖು ಬರೆದು ಫೋಟೋ ತೆಗೀರಿ. ಗಾಜು ಒಡೆದ್ರೆ ಗೋಡೆ ಇನ್ನೂ ಸರೀತಿದೆ ಅಂತ ಅರ್ಥ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಗೋಡೆ ವಾಲ್ತಿದ್ರೆ ಮಾತ್ರ ಕಾಯಬೇಡಿ, ಆ ಕೋಣೆ ಬಿಡಿ.

ಕೇಳಬೇಕಾದ ದುರಸ್ತಿ ಇದು. ಮೊದಲು ನೀರು: ಚರಂಡಿ, ಸೋರೋ ಪೈಪು ಸರಿಯಾಗಲಿ, ಮನೆ ಸುತ್ತ 3 ಅಡಿ ಕಾಂಕ್ರೀಟ್ ಹೊರಗಿಳಿಜಾರಾಗಿ ಬರಲಿ. ಅದರ ಮೇಲೂ ಪಾಯ ಇಳೀತಿದ್ರೆ ಅದರ ಕೆಳಗೆ ಗಟ್ಟಿ ನೆಲದ ತನಕ ತೋಡಿ ಹೊಸ ಆಧಾರ ಕೊಡಬೇಕು. ಸುಮಾರು 4 ಅಡಿ ತುಂಡುಗಳಾಗಿ, ಒಂದು ಬಿಟ್ಟು ಒಂದು. ಉದ್ದಕ್ಕೂ ಒಂದೇ ಸಲ ತೋಡಿದ್ರೆ ಗೋಡೆಯೇ ಬೀಳುತ್ತೆ, ಹಾಗಾಗಿ ಎಂಜಿನಿಯರ್ ಎದುರು ನಿಂತೇ ಮಾಡಿಸಬೇಕು.

ದುಡ್ಡಿಲ್ಲ ಅಂತಾರೆ. ನಮ್ಮ ಉಪಯೋಜನೆ ಕಾಯ್ದೆ ಬಂದದ್ದು 2013ರಲ್ಲಿ. ಅದರ 7(ಡಿ) ಕಲಂ ಹಿಡ್ಕೊಂಡು ನಮ್ಮ ಹಣವನ್ನ ಎಲ್ಲರ ಕಾಮಗಾರಿಗಳಿಗೆ ಬಳಸಿದ್ರು. ಹೋರಾಟದ ನಂತರ 2023ರಲ್ಲಿ ಆ ಕಲಂ ಹೋಯ್ತು. ಈಗ ಲೆಕ್ಕ ಕೇಳೋಣ. ಆರ್‌ಟಿಐ ಹಾಕಿ ಎಸ್ಟಿಮೇಟ್, ಅಳತೆ ಪುಸ್ತಕ, ಮಣ್ಣು ಪರೀಕ್ಷೆ ವರದಿ, ಮೂರರ ಪ್ರತಿಯನ್ನೂ ತಗೊಳ್ಳಿ. ಮಣ್ಣು ಪರೀಕ್ಷೆಯೇ ಆಗಿಲ್ಲ ಅಂತ ಬರೆದು ಕೊಟ್ರೆ ಅದೇ ನಮ್ಮ ಮೊದಲ ಸಾಕ್ಷಿ.

ಜೈ ಭೀಮ್.