ದಾನದ ಆಕಳ ಹಲ್ಲು ಎಣಿಸಲೇಬೇಕು

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಮೊದಲು ಆಡಿದವನು ಆಕಳನ್ನು ಕೊಟ್ಟವನೇ ಇರಬೇಕು, ಪಡೆದವನಂತೂ ಅಲ್ಲ. ಗೊಡ್ಡು ಆಕಳೊಂದು ಬಡವನ ಹಿತ್ತಲಿಗೆ ಬಂದರೆ ಕೊಟ್ಟವನಿಗೆ ಪುಣ್ಯ ಬರುತ್ತದೆ, ಪಡೆದವನಿಗೆ ಮೇವಿನ ಖರ್ಚು ಬರುತ್ತದೆ. ಹಾಲು ಮಾತ್ರ ಯಾರಿಗೂ ಬರುವುದಿಲ್ಲ. ಆದ್ದರಿಂದ ಹಲ್ಲು ಎಣಿಸುವುದು ಕೃತಘ್ನತೆಯಲ್ಲ, ಅದು ಬಡವನ ಹಕ್ಕು ಎಂದು ನಾವು ಹೇಳುತ್ತೇವೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಧರ್ಮಕಾರ್ಯಕ್ಕೆಂದು ಹುಟ್ಟಿದ ಸಣ್ಣ ಸಂಸ್ಥೆಗಳಿಗೆ ಕೊರತೆಯಿಲ್ಲ. ಒಂದು ನೇತ್ರ ಶಿಬಿರ ನಡೆಸುತ್ತದೆ, ಇನ್ನೊಂದು ಶಾಲೆಯ ಮಕ್ಕಳಿಗೆ ಪಾಟಿ-ಪುಸ್ತಕ ಹಂಚುತ್ತದೆ, ಮತ್ತೊಂದು ವಿಧವೆಯರಿಗೆ ಹೊಲಿಗೆ ಯಂತ್ರ ಕೊಡುತ್ತದೆ. ಇವುಗಳ ವರ್ಗಣಿ ಎಲ್ಲಿಂದ ಬರುತ್ತದೆ? ದೊಡ್ಡವರ ಹೆಸರು ಹಾಸುಗಲ್ಲಿನ ಮೇಲೆ ಕೆತ್ತಿರುತ್ತದೆ ನಿಜ. ಆದರೆ ಪೇಟೆಯ ಕಿರಾಣಿ ಅಂಗಡಿಯವನ ನೂರು ರೂಪಾಯಿ, ಗಿರಣಿಯವನ ಒಂದು ದಿನದ ಪಗಾರ, ಮಗ್ಗದವನ ಹಬ್ಬದ ಗಂಟಿನೊಳಗಿನ ಐವತ್ತು ರೂಪಾಯಿ, ಇವು ಯಾವ ಕಲ್ಲಿನ ಮೇಲೂ ಇಲ್ಲ. ಕೊಟ್ಟವರೂ ನಾವೇ, ಪಡೆಯಬೇಕಾದವರೂ ನಮ್ಮವರೇ. ನಡುವೆ ನಿಂತ ಸಂಸ್ಥೆ ಇಬ್ಬರಿಗೂ ಉತ್ತರ ಹೇಳಬೇಕು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಸಂಸ್ಥೆ ನಡೆಸುವವರೆಲ್ಲ ಕಳ್ಳರೆಂಬುದು ನಮ್ಮ ವಾದವಲ್ಲ. ಬಹಳ ಕಡೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಕೂತು ಲೆಕ್ಕ ಬರೆಯುವ ಸಜ್ಜನರಿದ್ದಾರೆ, ನಿವೃತ್ತ ಮಾಸ್ತರರಿದ್ದಾರೆ. ಅವರ ಕೈ ಶುದ್ಧವಾಗಿರಬಹುದು. ಆದರೆ ಕೈ ಶುದ್ಧವಾಗಿರುವುದು ಬೇರೆ, ಕೆಲಸ ಫಲಿಸುವುದು ಬೇರೆ. ಹೀಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡು. ದುಡ್ಡು ಎಲ್ಲಿಗೆ ಹೋಯಿತು? ಹೋದ ದುಡ್ಡಿನಿಂದ ಏನಾಯಿತು? ಮೊದಲನೆಯದನ್ನು ಕೇಳುವವರು ಅಲ್ಲಲ್ಲಿ ಸಿಗುತ್ತಾರೆ. ಎರಡನೆಯದನ್ನು ಕೇಳುವವರು ಇಲ್ಲವೇ ಇಲ್ಲವೆಂದರೂ ನಡೆದೀತು.

ಮೊದಲನೆಯ ಪ್ರಶ್ನೆ ಹೊಸದಲ್ಲ. 1894ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ನೇಟಾಲ ಇಂಡಿಯನ್ ಕಾಂಗ್ರೆಸ್ಸನ್ನು ಕಟ್ಟಿದ ಗಾಂಧೀಜಿ, ಬಂದ ವರ್ಗಣಿಗೆಲ್ಲ ಪಾವತಿ ಕೊಟ್ಟು ಪೈ-ಪೈಯ ಲೆಕ್ಕ ಇಡಿಸಿದರು. ಲೆಕ್ಕ ಸರಿಯಿಲ್ಲದ ಸಂಸ್ಥೆ ನಿಲ್ಲಲಾರದೆಂಬುದು ಅವರ ದೃಢ ನಂಬಿಕೆ. ನಮ್ಮ ಭಾಗದಲ್ಲಿಯೂ 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಎರಡು ವರ್ಷಕ್ಕೆ, 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆ ಬಂತು. ಧರ್ಮದ ಹಣ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು, ಲೆಕ್ಕ ಇಡಬೇಕು, ತಪಾಸಣೆಗೆ ಒಪ್ಪಿಸಬೇಕು ಎಂದು ಅದು ವಿಧಿಸಿತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರಂತೆ ನೋಂದಾಯಿತ ಸಂಘವು ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಯಾದಿಯನ್ನೂ ಜಮಾಖರ್ಚಿನ ತಖ್ತೆಯನ್ನೂ ರಜಿಸ್ಟ್ರಾರರಿಗೆ ಸಲ್ಲಿಸಬೇಕು. ಸದಸ್ಯರಲ್ಲಿ ಮೂರರಲ್ಲೊಂದು ಪಾಲು ಜನ ಅರ್ಜಿ ಕೊಟ್ಟರೆ ವಿಚಾರಣೆಗೂ ಅವಕಾಶವಿದೆ. ಸರಕಾರದ ಹಣದಿಂದ ಬಹುಪಾಲು ನಡೆಯುವ ಖಾಸಗಿ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆಂದು ಸುಪ್ರೀಮ್ ಕೋರ್ಟು 2019ರಲ್ಲಿ ಸಾರಿದೆ.

ಕಾಯ್ದೆ ಇದೆ, ಸರಿ. ಆದರೆ ಅದು ಮಾತಾಡುವ ಹಕ್ಕು ಕೊಟ್ಟದ್ದು ಸದಸ್ಯನಿಗೆ. ರಸ್ತೆಯಲ್ಲಿ ನಿಂತು ಡಬ್ಬಿಗೆ ಹತ್ತು ರೂಪಾಯಿ ಹಾಕಿದವನು ಸದಸ್ಯನಲ್ಲ. ಸಾಲಿನಲ್ಲಿ ನಿಂತು ಯಂತ್ರ ಪಡೆದ ತಾಯಿಯೂ ಸದಸ್ಯಳಲ್ಲ. ಅಂಗಡಿಕಾರ ಬಂಧುಗಳು ಒಂದು ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟರೆ ಅರ್ಧ ಕೆಲಸ ಆದಂತೆ: ಪಾವತಿ ಇಲ್ಲದೆ ದುಡ್ಡು ಕೊಡಬೇಡಿರಿ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ 2017ರಿಂದೀಚೆ ಆದಾಯ ತೆರಿಗೆಯ ರಿಯಾಯತಿಯೂ ಸಿಗುವುದಿಲ್ಲ. ಬ್ಯಾಂಕಿನ ಮೂಲಕ ಕೊಟ್ಟ ಹಣ ಹೆಜ್ಜೆ ಗುರುತು ಬಿಟ್ಟು ಹೋಗುತ್ತದೆ, ಕೈಯಿಂದ ಕೈಗೆ ಹೋದದ್ದು ಬಿಡುವುದಿಲ್ಲ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಹಾಕಬೇಕು. "ನಮ್ಮಲ್ಲಿ ಆಡಳಿತದ ಖರ್ಚೇ ಇಲ್ಲ, ಪಗಾರದ ಆಳೇ ಇಲ್ಲ" ಎಂದು ಕೆಲವು ಸಂಸ್ಥೆಗಳು ಹೆಮ್ಮೆಯಿಂದ ಹೇಳುತ್ತವೆ. ಕೇಳಿದವರು ತಲೆದೂಗುತ್ತಾರೆ. ಗಿರಣಿಯಲ್ಲಿ ದುಡಿಯುವವನು ಹೀಗೆ ತಲೆದೂಗಬಾರದು. ಯಂತ್ರ ದುರಸ್ತಿ ಮಾಡುವ ಫಿಟ್ಟರನು ಒಂದು ಗಜ ಬಟ್ಟೆಯನ್ನೂ ನೇಯುವುದಿಲ್ಲ, ಆದರೆ ಅವನಿಲ್ಲದ ದಿನ ಇಡೀ ಖಾತೆ ನಿಲ್ಲುತ್ತದೆ. ಹಂಚಿದ ಮೇಲೆ ಮನೆಮನೆಗೆ ಹೋಗಿ ನೋಡಿ ಬರುವ ಒಬ್ಬ ಮನುಷ್ಯನ ಸಂಬಳ ದಂಡವಲ್ಲ. ಹಾರ-ತುರಾಯಿ, ಪೆಂಡಾಲು, ಫೋಟೋಗಳ ಖರ್ಚೇ ದಂಡ. ಖರ್ಚು ಎಷ್ಟು ಕಡಿಮೆ ಎಂದು ಕೇಳುವುದರ ಬದಲು ಯಾತಕ್ಕೆ ಆಯಿತು ಎಂದು ಕೇಳಬೇಕು.

ಈಗ ಎರಡನೆಯ ಪ್ರಶ್ನೆ. ಲೆಕ್ಕ ಅರ್ಥವಾಗಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾವ ಊರಿನದೂ ಅಲ್ಲ, ಯಾವ ಸಂಸ್ಥೆಯದೂ ಅಲ್ಲ. ಒಂದು ಸಂಘ ಮೂರು ಲಕ್ಷ ರೂಪಾಯಿ ಕೂಡಿಸಿತೆನ್ನಿ. 9 ಸಾವಿರದಂತೆ 20 ಹೊಲಿಗೆ ಯಂತ್ರಕ್ಕೆ 1,80,000, ಹತ್ತು ದಿನದ ತರಬೇತಿಗೆ 30,000, ವಿತರಣಾ ಸಮಾರಂಭಕ್ಕೆ 60,000, ಉಳಿದ 30,000 ಬ್ಯಾಂಕಿನಲ್ಲಿ. ಕೂಡಿಸಿ ನೋಡಿರಿ, ಮೂರು ಲಕ್ಷ ಸರಿಹೋಗುತ್ತದೆ. ಲೆಕ್ಕ ತಪಾಸಣಿಗರು ಸಹಿ ಮಾಡುತ್ತಾರೆ. "ಇಪ್ಪತ್ತು ಕುಟುಂಬಗಳಿಗೆ ಸ್ವಾವಲಂಬನೆ" ಎಂದು ವರದಿ ಅಚ್ಚಾಗುತ್ತದೆ.

ಒಂದು ವರ್ಷದ ಮೇಲೆ ಆ ಇಪ್ಪತ್ತೂ ಮನೆಗಳಿಗೆ ಹೋಗಿ ನೋಡೋಣ. ಏಳು ಯಂತ್ರಗಳ ಮೇಲೆ ಧೂಳು ಕೂತಿದೆ, ಐದು ಮಾರಾಟಕ್ಕೋ ಒತ್ತೆಗೋ ಹೋಗಿವೆ, ಎಂಟು ನಡೆಯುತ್ತಿವೆ. ಆ ಎಂಟರಲ್ಲಿ ಮೂವರು ಮೊದಲೂ ಸ್ವಂತ ಯಂತ್ರದಲ್ಲಿ ಹೊಲಿಯುತ್ತಿದ್ದವರೇ. ಹೊಸದಾಗಿ ದುಡಿಮೆ ಹಿಡಿದವರು ಐವರು. ಖರ್ಚಾದದ್ದು 2,70,000, ಅಂದರೆ ಒಬ್ಬಳಿಗೆ 54 ಸಾವಿರ. ಇದು ಹೆಚ್ಚಾಯಿತೇ? ಅದು ಅವಳ ಗಳಿಕೆಯ ಮೇಲಿದೆ. ತಿಂಗಳಿಗೆ ಎರಡು ಸಾವಿರ ಗಳಿಸಿದರೆ 27 ತಿಂಗಳಲ್ಲಿ ಆ ಹಣ ಸಮಾಜಕ್ಕೆ ತಿರುಗಿ ಬಂದಂತೆ, ಒಳ್ಳೆಯ ಕೆಲಸವೇ. ಮುನ್ನೂರು ಗಳಿಸಿದರೆ ಹದಿನೈದು ವರ್ಷ ಬೇಕು, ಅಷ್ಟರಲ್ಲಿ ಯಂತ್ರವೇ ಮೋಡಕಾಗಿರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಅರ್ಜಿ ಹಾಕಿಯೂ ಯಂತ್ರ ಸಿಗದ ಇಪ್ಪತ್ತು ಜನರ ಮನೆಗೂ ಹೋಗಿ ಕೇಳಬೇಕು. ಅವರಲ್ಲಿಯೂ ನಾಲ್ವರು ಸಾಲ ಮಾಡಿ ಯಂತ್ರ ಕೊಂಡು ದುಡಿಯುತ್ತಿದ್ದರೆ ನಮ್ಮ ಸಂಘದ ಯಶಸ್ಸು ಐದಲ್ಲ, ಹೆಚ್ಚುಕಡಿಮೆ ಒಂದೇ. ಇದಕ್ಕೆ ಪಂಡಿತರು ಬೇಡ, ನಡೆಯುವ ಕಾಲು, ಕೇಳುವ ಕಿವಿ, ಒಂದು ಎರಡು ರೂಪಾಯಿಯ ಪೆನ್ಸಿಲು ಸಾಕು.

ಧೂಳು ಹಿಡಿದ ಆ ಏಳು ಮನೆಗಳಲ್ಲಿಯೇ ಕಲಿಯುವ ಪಾಠ ಹೆಚ್ಚು. ಹೊಲಿಯಲು ಬಟ್ಟೆ ಕೊಡುವವರು ಸಿಗಲಿಲ್ಲವೇ? ಯಂತ್ರ ಕೆಟ್ಟಾಗ ರಿಪೇರಿಗೆ ದುಡ್ಡಿರಲಿಲ್ಲವೇ? ಸಮಾರಂಭದ 60 ಸಾವಿರದಲ್ಲಿ ಅರ್ಧವನ್ನು ರಿಪೇರಿಗೆ ತೆಗೆದಿಟ್ಟಿದ್ದರೆ ಇನ್ನೆಷ್ಟು ಮನೆಗಳಲ್ಲಿ ಯಂತ್ರದ ಸಪ್ಪಳ ಕೇಳುತ್ತಿತ್ತು? ಸೋತ ಕೆಲಸವನ್ನು ಬಚ್ಚಿಡುವ ಸಂಸ್ಥೆ ಮುಂದಿನ ವರ್ಷವೂ ಅದೇ ತಪ್ಪಿಗೆ ವರ್ಗಣಿ ಎತ್ತುತ್ತದೆ.

ಎಣಿಸುವುದು ಬೇರೆ, ಅಳೆಯುವುದು ಬೇರೆ ಎಂಬುದಕ್ಕೆ ನಮ್ಮ ನಾಡಿನ ಒಬ್ಬ ಮಹನೀಯರ ಕೆಲಸವೇ ಸಾಕ್ಷಿ. ಬೀಳಗಿಯಲ್ಲಿ ಹುಟ್ಟಿದ ನೇತ್ರವೈದ್ಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು, ಬಡವರಿಗೆ ಪುಕ್ಕಟೆಯಾಗಿ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಶಸ್ತ್ರಕ್ರಿಯೆ ಮಾಡಿದ ದಾಖಲೆ ಅವರದು. 1993ರ ವರೆಗೆ ಒಟ್ಟು ಆರು ಲಕ್ಷಕ್ಕೂ ಮೇಲ್ಪಟ್ಟು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ಅವರು ತೀರಿಕೊಂಡಾಗ ಸಾವಿರಾರು ಮನೆಗಳು ಅವರನ್ನು ನೆನೆದವು. ದವಾಖಾನೆಯೇ ಇಲ್ಲದ ಹಳ್ಳಿಗೆ ಬೆಳಕು ಒಯ್ದ ಅವರಿಗೆ ನಾವು ತಲೆಬಾಗುತ್ತೇವೆ.

ಆದರೆ ಆ ಕಾಲದ ಶಸ್ತ್ರಕ್ರಿಯೆಯ ಒಂದು ಸಂಗತಿಯನ್ನು ತಿಳಿಯಬೇಕು. ಕಣ್ಣಿನೊಳಗೆ ಕೃತಕ ಮಸೂರ ಕೂಡಿಸುವ ಪದ್ಧತಿ ಆಗ ಇಲ್ಲಿ ರೂಢಿಗೆ ಬಂದಿರಲಿಲ್ಲ. ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಬೇಕೇ ಬೇಕಾಗುತ್ತಿತ್ತು. ಕನ್ನಡಕ ಒಡೆದರೆ, ಕಳೆದರೆ, ಶಸ್ತ್ರಕ್ರಿಯೆಯಾದ ಮನುಷ್ಯ ತಿರುಗಿ ಕುರುಡನಂತೆಯೇ. ಅಂದ ಮೇಲೆ ಯಾವ ಶಿಬಿರವೇ ಇರಲಿ, ಶಸ್ತ್ರಕ್ರಿಯೆಗಳ ಸಂಖ್ಯೆ ಒಂದು ಲೆಕ್ಕ, ವರ್ಷದ ಮೇಲೆ ಕಾಣುತ್ತಿರುವ ಕಣ್ಣುಗಳ ಸಂಖ್ಯೆ ಇನ್ನೊಂದು ಲೆಕ್ಕ. ವೈದ್ಯಲೋಕವೇ ಇದನ್ನು ಒಪ್ಪಿಕೊಂಡಿತು. ಶಸ್ತ್ರಕ್ರಿಯೆಯಾದ ನೂರು ಕಣ್ಣುಗಳಲ್ಲಿ ಕನಿಷ್ಠ 80ಕ್ಕೆ 6/18 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅಳತೆ ಹಾಕಿದೆ. ಅಂದರೆ ನೆಟ್ಟಗಿನ ಕಣ್ಣು 18 ಮೀಟರಿನಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರಿನಿಂದಲಾದರೂ ಓದಬೇಕು. ಬನಹಟ್ಟಿಯ ನೇಕಾರನಿಗೆ ಈ ಅಳತೆಯ ಬೆಲೆ ಹೇಳಿಕೊಡಬೇಕಾಗಿಲ್ಲ. ಹಾಸಿನಲ್ಲಿ ಕಡಿದ ಎಳೆ ಕಾಣದಿದ್ದರೆ ಅವನ ಕೂಲಿಯೇ ಕಡಿಯಿತು. ಆದ್ದರಿಂದ ಈ ಸಲ ನಿಮ್ಮ ಓಣಿಯಲ್ಲಿ ಶಿಬಿರ ನಡೆದಾಗ "ಎಷ್ಟು ಜನಕ್ಕೆ ಮಾಡಿದಿರಿ?" ಎಂದಷ್ಟೇ ಕೇಳಿ ಬಿಡಬೇಡಿರಿ. "ಹೋದ ವರ್ಷದವರಲ್ಲಿ ಎಷ್ಟು ಜನಕ್ಕೆ ಈಗ ಕಾಣಿಸುತ್ತಿದೆ?" ಎಂದೂ ಕೇಳಿರಿ.

ನೆರೆಯ ವರ್ಷಗಳನ್ನು ನೆನೆಯಿರಿ. 2009ರ ಮಳೆಯಲ್ಲಿ ಉತ್ತರ ಕರ್ನಾಟಕ ನೀರುಪಾಲಾದಾಗ ನಾಡಿನ ದಾನಿಗಳು ಧಾರಾಳವಾಗಿ ಕೊಟ್ಟರು. ಸರಕಾರ ಮತ್ತು ದಾನಿಗಳು ಕೂಡಿ ಆಸರೆ ಮನೆಗಳನ್ನು ಕಟ್ಟಿದರು. ಮನೆಗಳ ಸಂಖ್ಯೆ ಭಾಷಣಗಳಲ್ಲಿ ಮೊಳಗಿತು. ಆದರೆ ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ ಎಂದು ಎಷ್ಟೋ ಕಡೆ ಜನ ಆ ಮನೆಗಳಿಗೆ ಹೋಗಲೇ ಇಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ತಿರುಗಿ ಉಕ್ಕಿದವು. ಇಂಥ ಹೊತ್ತಿನಲ್ಲಿ ಲಾರಿಗಟ್ಟಲೆ ಹಳೆಯ ಬಟ್ಟೆ ಬರುತ್ತದೆ. ಮಗ್ಗದ ಕುಣಿಗೆ ನೀರು ಹೊಕ್ಕ ನೇಕಾರನಿಗೆ ಬೇಕಾದದ್ದು ನೂಲು, ಹಣಿಗೆ, ಕೆಲಸವಿಲ್ಲದ ದಿನಗಳ ಕೂಲಿ. ಬಟ್ಟೆ ನೇಯುವವನ ಬಾಗಿಲಿಗೆ ಹಳೆಯ ಅಂಗಿಯ ಗಂಟು ಇಳಿಸುವ ದಾನಿಯ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಅವನು ಕೇಳಲಿಲ್ಲ. ಮೊದಲೇ ಕೇಳಿದ್ದರೆ ದಾನ ದಂಡವಾಗುತ್ತಿರಲಿಲ್ಲ.

ಹಾಗಾದರೆ ಪರೀಕ್ಷೆ ಮಾಡುವವರು ಯಾರು? ಪಡೆದವರೇ ಮಾಡಬೇಕೆಂಬುದು ನಮ್ಮ ಮತ. ಇದೂ ಆಗದ ಮಾತಲ್ಲ. 1994ರ ಡಿಸೆಂಬರ 2ರಂದು ರಾಜಸ್ಥಾನದ ಕೋಟ ಕಿರಾಣಾ ಎಂಬ ಹಳ್ಳಿಯಲ್ಲಿ ಮಜದೂರ ಕಿಸಾನ ಶಕ್ತಿ ಸಂಘಟನೆಯವರು ಜನರನ್ನು ಕೂಡಿಸಿ, ಸರಕಾರಿ ಕಾಮಗಾರಿಗಳ ಕಾಗದಪತ್ರಗಳನ್ನು ಬಹಿರಂಗವಾಗಿ ಓದಿಸಿದರು. ಕಾಗದದ ಮೇಲೆ ಬರೆದದ್ದನ್ನು ಕೆಲಸ ಮಾಡಿದವರ ಬಾಯಿಂದಲೇ ಒರೆಗೆ ಹಚ್ಚಿದರು. ಅಲ್ಲಿ ಹತ್ತಿದ ಕಿಡಿ ಮಾಹಿತಿ ಹಕ್ಕಿನ ಚಳವಳಿಗೆ ಬಲ ಕೊಟ್ಟಿತು. 2005ರ ಉದ್ಯೋಗ ಖಾತ್ರಿ ಕಾಯ್ದೆಯು ಸಾಮಾಜಿಕ ಲೆಕ್ಕ ತಪಾಸಣೆಯ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿತು. ಸರಕಾರದ ಲೆಕ್ಕವನ್ನು ಕೂಲಿಕಾರರು ಕೇಳಬಹುದಾದರೆ ಓಣಿಯ ಸಂಘದ ಲೆಕ್ಕವನ್ನು ಕೇಳಬಾರದೇಕೆ?

ಸಣ್ಣ ಸಂಸ್ಥೆಗೆ ಇದೆಲ್ಲ ಹೊರಲಾರದ ಭಾರ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವುಂಟು. ಅವರಿಂದ ದಪ್ಪ ವರದಿ, ಬಣ್ಣದ ಪುಸ್ತಕ ನಾವು ಕೇಳುವುದಿಲ್ಲ. ಗೋಡೆಗೆ ಹಚ್ಚಿದ ಒಂದು ಹಾಳೆ ಸಾಕು. ಬಡವರ ಮಾನದ ಪ್ರಶ್ನೆ ಎತ್ತುವವರೂ ಇದ್ದಾರೆ. ಅದು ಇನ್ನೂ ದೊಡ್ಡ ಮಾತು. ಪಡೆದವರ ಹೆಸರನ್ನು ಪೇಟೆಯಲ್ಲಿ ಓದಬೇಕಾಗಿಲ್ಲ. ಸಂಖ್ಯೆ ಸಾಕು, ಮನೆಗೆ ಹೋಗಿ ಮೆಲ್ಲಗೆ ಕೇಳಿದರೆ ಸಾಕು. ಅಷ್ಟಕ್ಕೂ ಬಡವರ ಮಾನದ ಚಿಂತೆ ಇದ್ದವರು ಮೊದಲು ಕೊಡುವಾಗ ತೆಗೆಸುವ ಫೋಟೋ ನಿಲ್ಲಿಸಲಿ.

ಬರುವ ಸಭೆಗೆ ಹೋಗುವಾಗ ಐದು ಪ್ರಶ್ನೆಗಳನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿರಿ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದು ಎಲ್ಲಿದೆ? ಯಾರಿಗೆ ಕೊಡಬೇಕೆಂದು ಆರಿಸಿದವರಾರು, ಅವರ ಮನೆಯವರು ಯಾದಿಯಲ್ಲಿದ್ದಾರೆಯೇ? ಕೊಡುವ ಮುಂಚೆ ಪಡೆಯುವವರನ್ನು ಕೇಳಿದಿರೇ? ವರ್ಷದ ಮೇಲೆ ತಿರುಗಿ ಹೋಗಿ ನೋಡಿದಿರೇ? ಏನು ಫಲಿಸಲಿಲ್ಲ, ಅದರಿಂದ ಏನು ಕಲಿತಿರಿ? ಐದನೆಯದಕ್ಕೆ ಅಂಜದೆ ಉತ್ತರ ಹೇಳುವ ಸಂಸ್ಥೆ ಸಿಕ್ಕರೆ ಅದಕ್ಕೆ ಎರಡು ಪಟ್ಟು ವರ್ಗಣಿ ಕೊಡಿರಿ. ಪ್ರಶ್ನೆ ಕೇಳಿದವನನ್ನು ಧರ್ಮದ್ರೋಹಿ ಎಂದು ಕರೆಯುವ ಕಡೆ ಕೈ ಬಿಗಿ ಹಿಡಿಯಿರಿ.

ಸೀರೆ ಕೊಳ್ಳುವ ಹೆಣ್ಣುಮಗಳು ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು, ಸೆರಗು ತಿಕ್ಕಿ ನೋಡಿಯೇ ಕೊಳ್ಳುತ್ತಾಳೆ. ಒಳ್ಳೆಯ ನೇಕಾರನಿಗೆ ಅದರಿಂದ ಸಿಟ್ಟು ಬರುವುದಿಲ್ಲ. ಬಣ್ಣ ಬಿಡುವ ಮಾಲು ಮಾರುವವನಿಗೆ ಮಾತ್ರ ಬರುತ್ತದೆ.