ಐವತ್ತು ಜನರ ಹಾಡಿಗೊಂದು ಸುಲಭದ ದಾರಿ ಮಾಡಿಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಶಿವಮೊಗ್ಗ.



ಭದ್ರಾವತಿಯಲ್ಲಿ ಮನೆ, ಶಿವಮೊಗ್ಗದಲ್ಲಿ ಕೆಲಸ ಇಟ್ಟುಕೊಂಡು ದಿನಾ ಬಸ್ಸು ಹತ್ತುವವರಲ್ಲಿ ನಾನೂ ಒಬ್ಬ. ನಾವು ಕೆಲವು ಗೆಳೆಯರು ಸೇರಿ ತಿಂಗಳಿಗೊಮ್ಮೆ ಶನಿವಾರ ಸಂಜೆ ಹಾಡಿನ ಕಾರ್ಯಕ್ರಮ ನಡೆಸುತ್ತೇವೆ. ಒಂದು ತಿಂಗಳು ತುಂಗೆಯ ಊರಲ್ಲಿ, ಮುಂದಿನ ತಿಂಗಳು ಭದ್ರೆಯ ಊರಲ್ಲಿ. ಮುಖ್ಯ ಅತಿಥಿ, ಶಾಲು, ಹಾರ, ಸ್ವಾಗತ ಭಾಷಣ ಯಾವುದೂ ಇರುವುದಿಲ್ಲ. ಐವತ್ತು ಅರವತ್ತು ಜನ ಬರುತ್ತಾರೆ. ತಾವೇ ಬರೆದು ತಾವೇ ರಾಗ ಕೂಡಿಸಿದ ಹಾಡು ತಂದವರಿಗೆ ಮೊದಲ ಸರದಿ. ಕೊನೆಗೆ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿ ಬಿದ್ದ ದುಡ್ಡು ಸ್ಪೀಕರ್ ಬಾಡಿಗೆಗೆ, ಹಾಡಿದವರ ಬಸ್ ಚಾರ್ಜಿಗೆ, ಖಾರ ಮಂಡಕ್ಕಿ ಮತ್ತು ಟೀಗೆ ಸರಿಹೋಗುತ್ತದೆ.

ಅನುದಾನ ಕೇಳಲು ತಮಗೆ ಬರೆಯುತ್ತಿಲ್ಲ. ಇಷ್ಟು ಸಣ್ಣ ಕಾರ್ಯಕ್ರಮಕ್ಕೆ ಒಂದೇ ಕಡೆ, ಒಂದೇ ಅರ್ಜಿಯಲ್ಲಿ ಅನುಮತಿ ಸಿಗುವಂತೆ ಮಾಡಿ. ಎರಡೂ ಊರುಗಳಲ್ಲಿ ಒಂದೊಂದು ಸರ್ಕಾರಿ ಸಭಾಂಗಣವನ್ನು ತಿಂಗಳಿಗೊಂದು ಸಂಜೆ ಕಡಿಮೆ ಬಾಡಿಗೆಗೆ ಬಿಟ್ಟುಕೊಡಿ. ಕೋರಿಕೆ ಇಷ್ಟೇ. ಆದರೆ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ಹೇಳಬೇಕು. ಅರ್ಜಿ ನಮೂನೆಯಲ್ಲಿ ‘ಕಾರ್ಯಕ್ರಮದ ಸ್ವರೂಪ’ ಎಂದು ಬಿಟ್ಟಿರುವ ಒಂದು ಗೆರೆ ಜಾಗದಲ್ಲಿ ಅದನ್ನು ಬರೆಯಲಾಗುವುದಿಲ್ಲ.

ಮಳೆಗಾಲದ ಒಂದು ಸಂಜೆ ಭದ್ರಾವತಿಯಲ್ಲಿ ಗೆಳೆಯನೊಬ್ಬನ ಶೆಡ್ಡಿನಲ್ಲಿ ಸೇರಿದ್ದೆವು. ಮೇಲೆ ಶೀಟಿನ ಮಾಡು. ಮಲೆನಾಡಿನ ಮಳೆ ಶೀಟಿನ ಮೇಲೆ ಬಿದ್ದರೆ ಎದುರು ಕೂತವರ ಮಾತೂ ಕೇಳುವುದಿಲ್ಲ, ಹಾಗಾಗಿ ಮೈಕು ಬೇಕೇ ಬೇಕು. ಮೈಕು ಹಾಕಿದರೆ ಸ್ಪೀಕರಿನಿಂದ ಗುಂಯ್ಯೆಂಬ ಸದ್ದು ಬಿಡದೆ ಬರುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಬಂದರು. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿ, “ಒಂದು ಆ ಗೋಡೇಲಿ, ಇನ್ನೊಂದು ಈ ಗೋಡೇಲಿ ಹಾಕೀರಲ್ಲ ಮಾರಾಯ, ಎರಡನ್ನೂ ಒಂದೇ ಬೋರ್ಡಿಗೆ ತನ್ನಿ” ಎಂದರು. ಗಿಟಾರಿನ ಆಂಪ್ಲಿಫೈಯರನ್ನೂ ಮಿಕ್ಸರನ್ನೂ ಒಂದೇ ಬೋರ್ಡಿಗೆ ಹಾಕಿದ ಕೂಡಲೇ ಗುಂಯ್ಗುಡುವುದು ನಿಂತಿತು. ಅವರು ತಮ್ಮ ಜಾಗಕ್ಕೆ ಹಿಂತಿರುಗಲಿಲ್ಲ. ಜೇಬಿನಿಂದ ಮೌತ್ ಆರ್ಗನ್ ತೆಗೆದು, ಅಪ್ಪನಿಂದ ಕಲಿತದ್ದೆಂದು ಹೇಳಿ ಒಂದು ತಮಿಳು ಧಾಟಿ ನುಡಿಸಿದರು. ಅವರ ತಂದೆ ಸೇಲಂ ಕಡೆಯಿಂದ ಕಬ್ಬಿಣದ ಕೆಲಸಕ್ಕೆ ಬಂದವರಂತೆ. ಆ ಧಾಟಿಗೆ ಪಾಲಿಟೆಕ್ನಿಕ್ ಓದುವ ಹುಡುಗನೊಬ್ಬ ಅಲ್ಲೇ ಕೂತು ಕನ್ನಡದಲ್ಲಿ ನಾಲ್ಕು ಸಾಲು ಹೆಣೆದ. ತಮಿಳು, ಉರ್ದು, ತೆಲುಗು ಎಲ್ಲ ಬೆರೆತ ಭದ್ರಾವತಿಯ ಬೀದಿಯ ಕನ್ನಡ ಅದು. ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಅಜ್ಜಿಯ ಬಗ್ಗೆ ಬರೆದಿದ್ದ. ಇಂಥ ಹಾಡು ಬೆಂಗಳೂರಿನಲ್ಲಿ ಹುಟ್ಟುವುದಿಲ್ಲ ಸ್ವಾಮಿ. ಅಲ್ಲಿ ಹುಟ್ಟಬೇಕಾದ್ದೂ ಇಲ್ಲ.

ನಮ್ಮ ಸಂಜೆಗಳಿಗೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್‌ನವರು ಬಂದಿದ್ದಾರೆ. ಅವರಲ್ಲಿ ಒಬ್ಬರು ಕ್ಲಾರಿಯೋನೆಟ್ಟಿನಲ್ಲಿ ಕಲ್ಯಾಣಿ ರಾಗವನ್ನು ನಿಧಾನವಾಗಿ ಬಿಡಿಸುತ್ತಾ ಹೋದರು. ರಸ್ತೆಯಲ್ಲಿ ಯಾರೂ ಅವರಿಗೆ ಅಷ್ಟು ಹೊತ್ತು ಬಿಡುವುದಿಲ್ಲ; ಎರಡು ನಿಮಿಷಕ್ಕೆ ಕುಣಿತದ ಹಾಡಿಗೆ ಕೂಗು ಬೀಳುತ್ತದೆ. ಸಕ್ರೆಬೈಲಿನಿಂದ ದಸರಾ ಮೆರವಣಿಗೆಗೆ ಬರುವ ಆನೆ ಶಿವಮೊಗ್ಗದ ಟ್ರಾಫಿಕ್ ನೋಡಿ ಏನಂದುಕೊಳ್ಳುತ್ತದೆ ಎಂದು ಒಬ್ಬಳು ಹಾಡು ಕಟ್ಟಿದ್ದಾಳೆ. ಮಳೆಗಾಲದಲ್ಲಿ ಮಂಡಗದ್ದೆಯ ಮರಗಳಿಗೆ ಬಂದು ಗೂಡು ಕಟ್ಟುವ ಹಕ್ಕಿಗಳ ಕೂಗನ್ನು ಮೊಬೈಲಿನಲ್ಲಿ ಹಿಡಿದು ತಂದು, ಅದನ್ನೇ ತಾಳ ಮಾಡಿಕೊಂಡವನೂ ಇದ್ದಾನೆ. ಸೋಗಾನೆಯಲ್ಲಿ ಇಳಿಯುವ ವಿಮಾನದ ಬಗ್ಗೆ, ಕಮಲದ ಆಕಾರದ ಆ ನಿಲ್ದಾಣದ ಬಗ್ಗೆ ಒಂದು ಲಾವಣಿಯೂ ಬಂತು. ಕೇಳಿದವರು ನಗುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಇನ್ನೊಮ್ಮೆ ಹೇಳಿ ಎನ್ನುತ್ತಾರೆ. ತಮ್ಮ ಊರಿನ ವಿಚಿತ್ರಗಳೆಲ್ಲ ಹಾಡಾಗುವುದನ್ನು ಕೇಳುವಾಗ ಆ ಮುಖಗಳಲ್ಲಿ ಕಾಣುವ ಖುಷಿಗಾಗಿ ನಾವು ಇದನ್ನು ನಡೆಸುತ್ತಿದ್ದೇವೆ.

ಇದು ಹೊಸ ಹುಡುಗರ ಹೊಸ ಹುಚ್ಚು ಎಂದು ಕೆಲವರು ಭಾವಿಸುತ್ತಾರೆ. ಈ ಜಿಲ್ಲೆಯ ಸಂಗೀತದ ಚರಿತ್ರೆ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿಗಳ ಕಡೆ ಅಂಟಿಗೆ ಪಂಟಿಗೆಯವರು ದೀಪ ಆರದಂತೆ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತಾರೆ. ವೇದಿಕೆ ಇಲ್ಲ, ಟಿಕೆಟ್ ಇಲ್ಲ. ಮನೆಯವರು ದೀಪಕ್ಕೆ ಎಣ್ಣೆ ಹಾಕಿ, ಅಕ್ಕಿ ಕಾಸು ಕೊಟ್ಟು ಕಳಿಸುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಗಮಕ ಉಳಿದದ್ದೂ ಜಗುಲಿ, ಪಡಸಾಲೆಗಳಲ್ಲಿ. ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು, ಊರವರು ಸುತ್ತ ಕೂತು ಕೇಳುವುದು. ಆ ಪಡಸಾಲೆಗಳಿಂದ ಬಂದ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಶಿವಮೊಗ್ಗ ಸುಬ್ಬಣ್ಣ ಅವರು ವಕೀಲರಾಗಿದ್ದುಕೊಂಡೇ ಹಾಡಿದವರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಕನ್ನಡದ ಮನೆಮನೆಗೆ ಅವರು ಹತ್ತಿರವಾದದ್ದು ಭಾವಗೀತೆಗಳಿಂದ. ಭಾವಗೀತೆಯಾದರೂ ಸಿನಿಮಾದ ಹಂಗಿಲ್ಲದೆ ಬೆಳೆದ ಸಂಗೀತವೇ ಅಲ್ಲವೇ? ಕವಿಯ ಪದ್ಯ, ಗಾಯಕನ ರಾಗ, ಒಂದು ಹಾರ್ಮೋನಿಯಂ, ಒಂದು ತಬಲಾ, ಗಣಪತಿ ಪೆಂಡಾಲು. ಅಷ್ಟರಲ್ಲೇ ಒಂದು ಪರಂಪರೆ ಕಟ್ಟಿದರು. ಇಂದು ಗಿಟಾರ್ ಹಿಡಿದು ಕೂತ ಹುಡುಗಿ ಅದೇ ಸಾಲಿನಲ್ಲಿ ಕೂತಿದ್ದಾಳೆ ಎಂದು ನಾನು ನಂಬಿದ್ದೇನೆ.

ಭದ್ರಾವತಿಯ ಮಾತು ಬೇರೆಯಾಗಿ ಹೇಳಬೇಕು. 1923ರಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದ ಮೇಲೆ ಈ ಊರಿಗೆ ನಾಲ್ಕು ದಿಕ್ಕಿನಿಂದ ಜನ ಬಂದರು. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ಪಾಳಿ ಮುಗಿಸಿದ ಕಾರ್ಮಿಕರು ನಾಟಕ ಆಡಿದರು, ಭಜನೆ ಹಾಡಿದರು. ಕನ್ನಡ ಚಿತ್ರರಂಗದ ದೊಡ್ಡಣ್ಣ ಅವರು ಇಲ್ಲಿನ ಕಬ್ಬಿಣದ ಕಾರ್ಖಾನೆಯ ನೌಕರರಾಗಿ ನಾಟಕ ಆಡುತ್ತಿದ್ದವರು. 1965ರಿಂದ ಆಕಾಶವಾಣಿ ಭದ್ರಾವತಿ ಇಡೀ ಮಲೆನಾಡಿಗೆ ಹಾಡು ಕೇಳಿಸಿದೆ. ನಮ್ಮ ಮನೆಯ ರೇಡಿಯೋದ ಮುಳ್ಳು 675ರ ಆಸುಪಾಸಿನಿಂದ ಆಚೀಚೆ ಹೋದದ್ದೇ ಅಪರೂಪ. 2015ರಲ್ಲಿ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕೆಲಸ ಹೋದರೆ ಸಂಬಳ ನಿಲ್ಲುತ್ತದೆ, ಜೊತೆಗೆ ಸಂಜೆ ಒಟ್ಟಿಗೆ ಸೇರುವ ನೆಪಗಳೂ ಒಂದೊಂದಾಗಿ ಹೋಗುತ್ತವೆ. ಹಾಡಿನ ಸಂಜೆಯಿಂದ ಕಾರ್ಖಾನೆ ಮರಳಿ ಬರುವುದಿಲ್ಲ ಎಂದು ಗೊತ್ತು. ಆದರೆ ನಿವೃತ್ತ ಎಲೆಕ್ಟ್ರಿಷಿಯನ್ನರೂ ಪಾಲಿಟೆಕ್ನಿಕ್ ಹುಡುಗನೂ ಒಂದೇ ಕಡೆ ಕೂರಲು ಈ ಊರಲ್ಲಿ ಈಗ ಉಳಿದಿರುವ ಜಾಗ ಎಷ್ಟು ಎಂದು ದಯವಿಟ್ಟು ಯೋಚಿಸಿ.

ಇನ್ನು ಅನುಮತಿಯ ವಿಷಯ. ಮೈಕಿಗೆ ಪೊಲೀಸರ ಅನುಮತಿ ಬೇಕು, ಅದಕ್ಕೆ ಜಾಗದವರ ಒಪ್ಪಿಗೆ ಪತ್ರ ಬೇಕು, ಜಾಗ ಸಾರ್ವಜನಿಕವಾದರೆ ಪಾಲಿಕೆಯದೋ ನಗರಸಭೆಯದೋ ಪತ್ರ ಬೇಕು. ಇವೆಲ್ಲ ಬೇರೆ ಬೇರೆ ಕಟ್ಟಡಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ ಆಗುತ್ತವೆ. ಒಂದು ಕಚೇರಿಯಲ್ಲಿ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ “ಯಾವ ಹಬ್ಬಕ್ಕೆ?” ಎಂದು. ಹಬ್ಬ ಅಲ್ಲ, ಸುಮ್ಮನೆ ಹಾಡುತ್ತೇವೆ ಎಂದೆವು. “ಯಾವ ಸಂಘ? ನೋಂದಣಿ ಆಗಿದೆಯಾ?” ಎಂದರು. ಅದೂ ಇಲ್ಲ. ಆ ಗುಮಾಸ್ತರು ಒಳ್ಳೆಯವರೇ, ನಮ್ಮನ್ನು ಕೂರಿಸಿ ಮಾತಾಡಿಸಿದರು. ಹಬ್ಬವೂ ಅಲ್ಲದ, ಸಂಘವೂ ಇಲ್ಲದ ಐವತ್ತು ಜನರಿಗೆ ಅವರ ಬಳಿ ನಮೂನೆಯೇ ಇರಲಿಲ್ಲ. ಹತ್ತು ಸಾವಿರ ಜನರ ಆರ್ಕೆಸ್ಟ್ರಾಕ್ಕೂ ನಮಗೂ ಒಂದೇ ಕಾಗದ. ಆರ್ಕೆಸ್ಟ್ರಾದವರಿಗೆ ಓಡಾಡಲು ಆಳುಗಳಿರುತ್ತಾರೆ. ನಮ್ಮಲ್ಲಿ ಓಡಾಡುವವರೇ ಆ ಸಂಜೆ ಹಾಡಬೇಕಾದವರು. ಅವರು ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ.

ಕಾನೂನು ನಮ್ಮ ವಿರುದ್ಧ ಇಲ್ಲ. ಶಬ್ದ ಮಾಲಿನ್ಯ ನಿಯಂತ್ರಣದ 2000ದ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡವೆನ್ನುತ್ತವೆ. ನಾವು ಒಂಬತ್ತೂವರೆಗೆ ಮುಗಿಸುತ್ತೇವೆ, ಏಕೆಂದರೆ ಆಮೇಲೆ ಬಸ್ಸು ಸಿಗುವುದು ಕಷ್ಟ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರನ್ನು ಶಾಂತ ವಲಯವೆಂದು ಘೋಷಿಸಬಹುದು. ಇವೆಲ್ಲ ಒಳ್ಳೆಯ ನಿಯಮಗಳು. ರೋಗಿ ಮಲಗಿರುವ ಮನೆಯ ಪಕ್ಕದಲ್ಲಿ ಡಿಜೆ ಹಚ್ಚುವವರ ಮೇಲೆ ಇನ್ನೂ ಬಿಗಿಯಾಗಲಿ ಎಂದೇ ಕೇಳಿಕೊಳ್ಳುತ್ತೇನೆ. ಅದೇ ನಿಯಮಗಳು ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದ ಒಳಗಿನ ಬಳಕೆಯನ್ನು ಬೇರೆಯಾಗಿ ನೋಡುತ್ತವೆ, ಜಿಲ್ಲಾ ದಂಡಾಧಿಕಾರಿಯೂ ಆಗಿರುವ ತಮ್ಮನ್ನು ಪ್ರಾಧಿಕಾರಗಳಲ್ಲಿ ಒಂದಾಗಿ ಹೆಸರಿಸುತ್ತವೆ. ಆದ್ದರಿಂದಲೇ ತಮಗೆ ಬರೆದದ್ದು. ಶಿವಮೊಗ್ಗಕ್ಕೆ ಮಹಾನಗರ ಪಾಲಿಕೆ, ಭದ್ರಾವತಿಗೆ ನಗರಸಭೆ. ಎರಡನ್ನೂ ಒಂದು ಮೇಜಿನ ಮುಂದೆ ಕೂರಿಸಬಲ್ಲವರು ತಾವು.

ಸಣ್ಣ ಕಾರ್ಯಕ್ರಮವನ್ನು ಸಣ್ಣದಾಗಿಯೇ ಕಾಣುವುದು ಬೇರೆ ಕಡೆ ಆಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಒಂದು ಕಾಯ್ದೆ, ಪರವಾನಗಿ ಇರುವ ಜಾಗಗಳಲ್ಲಿ 200 ಜನರೊಳಗಿನ ಸಂಗೀತಕ್ಕೆ ರಾತ್ರಿ 11ರವರೆಗೆ ಬೇರೆ ಅನುಮತಿ ಬೇಡವೆಂದಿತು. 2015ರಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಫ್ರಾನ್ಸಿನಲ್ಲಿ 1982ರ ಜೂನ್ 21ರಂದು ಸರ್ಕಾರವೇ ಮುಂದೆ ನಿಂತು, ವಾದ್ಯ ಇದ್ದವರೆಲ್ಲ ಬೀದಿಗೆ ಬಂದು ನುಡಿಸಿ ಎಂದು ಕರೆಯಿತು. ಅದೇ ಈಗ ವಿಶ್ವ ಸಂಗೀತ ದಿನ. ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ಜಿಎಸ್‌ಟಿ ವ್ಯವಸ್ಥೆ 500 ರೂಪಾಯಿವರೆಗಿನ ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ ತೆರಿಗೆ ಬಿಟ್ಟಿದೆ. ತೆರಿಗೆಯಲ್ಲಿ ಸಣ್ಣದು ದೊಡ್ಡದು ಎಂಬ ಭೇದ ಇರುವುದಾದರೆ ಅನುಮತಿಯಲ್ಲಿ ಯಾಕೆ ಇರಬಾರದು?

ತಮ್ಮ ಅಳುಕು ನನಗೆ ಅರ್ಥವಾಗುತ್ತದೆ. ನಿಷೇಧಾಜ್ಞೆಯ ದಿನಗಳನ್ನು ಶಿವಮೊಗ್ಗ ಕಂಡಿದೆ. ಅಂಗಡಿ ಬಾಗಿಲು ಹಾಕಿದ ಗಾಂಧಿ ಬಜಾರಿನಲ್ಲಿ ನಾನೂ ನಡೆದಿದ್ದೇನೆ. ಜನ ಸೇರುತ್ತಾರೆ ಎಂದರೆ ಆಡಳಿತ ಎರಡು ಸಲ ಯೋಚಿಸುವುದು ಸಹಜ. ನಮ್ಮ ಸಂಜೆಯ ಮೊದಲ ಸಾಲಿನಲ್ಲಿ ಯಾರು ಯಾರ ಪಕ್ಕ ಕೂತಿರುತ್ತಾರೆ ಎಂದು ಒಮ್ಮೆ ಬಂದು ನೋಡಿ ಎಂದಷ್ಟೇ ಹೇಳಬಲ್ಲೆ. ಖವ್ವಾಲಿ ಹಾಡುವ ಅಣ್ಣ ತಮ್ಮಂದಿರಿಗೆ ಭಜನಾ ಮಂಡಳಿಯ ಹುಡುಗ ದಮ್ಮಡಿ ಬಡಿದಿದ್ದಾನೆ. ಯಾರೂ ಅದನ್ನು ಏರ್ಪಡಿಸಿರಲಿಲ್ಲ, ಅದರ ಬಗ್ಗೆ ಯಾರೂ ಭಾಷಣವನ್ನೂ ಮಾಡಲಿಲ್ಲ. ತಬಲಾದವರು ಬರಲಿಲ್ಲ, ಅವನಿಗೆ ತಾಳ ಗೊತ್ತಿತ್ತು, ಅಷ್ಟೇ.

ಕುವೆಂಪು ರಂಗಮಂದಿರದ ಬಾಡಿಗೆ ನಮ್ಮ ಡಬ್ಬಿಗೆ ನಿಲುಕದು, ಅಷ್ಟು ಕುರ್ಚಿಗಳು ನಮಗೆ ಬೇಕಾಗಿಯೂ ಇಲ್ಲ. ಸಂಜೆ ಆರರ ಮೇಲೆ ಬೀಗ ಬೀಳುವ ವಾರ್ಡಿನ ಸಮುದಾಯ ಭವನ ಸಾಕು. ಒಂದು ಫ್ಯಾನು, ಸರಿಯಾದ ಅರ್ಥಿಂಗ್ ಇರುವ ಎರಡು ಪ್ಲಗ್ಗು, ಹೆಣ್ಣುಮಕ್ಕಳಿಗೆ ಹೊರಗಿನಿಂದ ಬೀಗ ಜಡಿಯದ ಶೌಚಾಲಯ ಇರಲಿ. ಕಸ ಗುಡಿಸಿ, ಕುರ್ಚಿ ಜೋಡಿಸಿ, ಕೀಲಿಯನ್ನು ಮರುದಿನ ಬೆಳಿಗ್ಗೆ ಒಪ್ಪಿಸುವುದು ನಮ್ಮ ಹೊಣೆ. ಅನುಮತಿಗೆ ಒಂದು ಪುಟದ ನಮೂನೆ: ಯಾರು, ಎಲ್ಲಿ, ಎಷ್ಟು ಜನ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ದೂರು ಬಂದರೆ ಯಾರಿಗೆ ಫೋನು ಮಾಡಬೇಕು. ನೂರು ಜನರೊಳಗಿದ್ದರೆ, ರಾತ್ರಿ ಹತ್ತರೊಳಗೆ ಮುಗಿಯುವುದಾದರೆ, ಏಳು ದಿನದೊಳಗೆ ಆಗುತ್ತದೆಯೋ ಇಲ್ಲವೋ ಎಂಬ ಉತ್ತರ ಲಿಖಿತವಾಗಿ ಸಿಗಲಿ. ನಿಯಮ ಮೀರಿದವರಿಗೆ ಆರು ತಿಂಗಳು ಅನುಮತಿ ಕೊಡಬೇಡಿ. ಮೊದಲು ನಮಗೇ ಅದನ್ನು ಅನ್ವಯಿಸಿ.

ಆ ಒಂದು ಪುಟದ ನಮೂನೆಯ ಕರಡನ್ನು ಈ ಪತ್ರದ ಜೊತೆ ತಮ್ಮ ಕಚೇರಿಗೆ ಸಲ್ಲಿಸುತ್ತಿದ್ದೇವೆ. ಮುಂದಿನ ಜೂನ್ 21ರೊಳಗೆ ತಾವು ಸುತ್ತೋಲೆ ಹೊರಡಿಸಿದರೆ, ಅಂದಿನ ಸಂಜೆಗೆ ಆ ನಮೂನೆಯಲ್ಲಿ ಮೊದಲ ಅರ್ಜಿ ಹಾಕುವವರು ನಾವೇ ಆಗಿರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಭದ್ರಾವತಿಯ ಒಬ್ಬ ನಾಗರಿಕ